ನವಿಲು ಕಾಯುವ ಡೀಜೆ

ಅಜ್ಜಿ ಎರಡು ಪೆನ್‌ಡ್ರೈವಿಗೂ ಅರಿಶಿನ ಕುಂಕುಮ ಬಳಿದದ್ದೇ ಎಲ್ಲಕ್ಕೂ ಮೂಲ.

ಒಂದರಲ್ಲಿ ಮದಲೂರಿನ ಮುತ್ತುರಾಜನೂ ಶಿರಾದ ಸುಫಿಯಾನನೂ ನಿದ್ದೆಗೆಟ್ಟು ಕೂಡಿಸಿದ ಡೀಜೆ ಸಂಗೀತವಿತ್ತು. ಇನ್ನೊಂದರಲ್ಲಿ ಮುತ್ತುರಾಜನ ಅಜ್ಜಿ ಚಿಕ್ಕಹನುಮಕ್ಕನ ಗಂಟಲಿತ್ತು. ಕಡಲೆಕಾಯಿ ಹೊಲಕ್ಕೆ ನುಗ್ಗುವ ನವಿಲುಗಳನ್ನು ಬೆದರಿಸಲು ಬೇಲಿಗೆ ಕಟ್ಟಿದ್ದ ಮೈಕಿನಲ್ಲಿ ಅದು ಬೈಯುತ್ತಲೇ ಇರುತ್ತಿತ್ತು. ಮೊಮ್ಮಗನದಕ್ಕೆ ಪೂಜೆ ಮಾಡಿ ಹೊಲದ್ದನ್ನು ಬಿಟ್ಟರೆ ಅದಕ್ಕೆ ಬೇಜಾರಾದೀತೆಂದು ಅಜ್ಜಿ ಎರಡನ್ನೂ ಒಂದೇ ತಟ್ಟೆಯಲ್ಲಿ ದೇವರ ಮುಂದಿಟ್ಟಳು. ಮೇಲೆ ಬರೆದಿದ್ದ ಹೆಸರು ಕುಂಕುಮದಡಿ ಮುಳುಗಿತು.

"ಲೇ ಮುತ್ತಾ, ಇವತ್ತು ಜನ ಕುಣುದ್ರೆ ಸರಿ. ಇಲ್ದಿದ್ರೆ ಮೈಕ್ ಕಿತ್ತಾಕಿ ಹೊಲದಾಗೆ ನಿನ್ನೇ ನಿಲ್ಲುಸ್ತೀನಿ. ಡಬ್ಬ ಬಡ್ಕಂಡು ನವಿಲು ಕಾಯಿ!"

ಜಗಲಿಯ ಮೇಲಿದ್ದ ಪಕ್ಕದ ಮನೆಯ ಪೆದ್ದಣ್ಣ ಬೆಂಕಿಗೆ ತುಪ್ಪ ಸುರಿದ. "ಕೊರಟಗೆರೆ ಜಿಮ್ ಓಪನಿಂಗ್‌ನಾಗೆ ಕುಣುದಿದ್ದು ಇವರ ಸ್ಪೀಕರ್ ಒಂದೇ ಅಂತೆ ಕಣಮ್ಮ."

ಮುತ್ತುರಾಜ ಕೈಗೆ ಸಿಕ್ಕಿದ ಪೆನ್‌ಡ್ರೈವ್ ಜೇಬಿಗಿಳಿಸಿ ಸುಫಿಯಾನನ ಜೊತೆ ಪಾವಗಡಕ್ಕೆ ಹೊರಟ. ಅಲ್ಲಿ ಕಲ್ಯಾಣ ಮಂಟಪದ ಮಾಲೀಕ ರೇಣುಕಯ್ಯನ ಮಗಳು ಯಶಸ್ವಿನಿಯ ಮದುವೆ. ಗಂಡಿನ ಕಡೆಯವರ ಮೆರವಣಿಗೆಯನ್ನು ಕುಣಿಸಿದರೆ, ವರ್ಷವಿಡೀ ಆ ಮಂಟಪದ ಮದುವೆಗಳೆಲ್ಲ ಈ ಜೋಡಿಗೇ ಎಂದು ಮಾತಾಗಿತ್ತು.

"ಪಾವಗಡಾ, ರೆಡೀನಾ?" ಎಂದು ಮಂಟಪದ ಮುಂದೆ ಬೀದಿಯಲ್ಲಿ ಹಾಕಿದ್ದ ಸ್ಟೇಜಿನಿಂದ ಕೂಗಿ ಮುತ್ತುರಾಜ ಗುಂಡಿ ಒತ್ತಿದ.

"ಹೋಯ್ ಹೋಯ್ ಹೋಯ್! ಹಿಂಡು ಕಟ್ಕಂಡು ತಿನ್ನಾಕೆ ಬಂದ್ಬುಟ್ರಾ? ನಿಮ್ ಮನೆ ಎಕ್ಕುಟ್ಟೋಗ!" ಹಿಂದೆಯೇ ಡಬಡಬ ಡಬಡಬ ತಗಡಿನ ಡಬ್ಬ.

ಊಟದ ವಾಸನೆ ಹಿಡಿದು ಬರುತ್ತಿದ್ದ ಬೀಗರು ಹಾವು ತುಳಿದವರಂತೆ ನಿಂತರು. ರೇಣುಕಯ್ಯನ ಮೀಸೆ ಮುಳ್ಳುಹಂದಿಯಾಯಿತು.

"ಯೇ ಕ್ಯಾ ಹೈ ರೇ?" ಸುಫಿಯಾನ್ ಕಣ್ಣು ಬಿಟ್ಟ. "ನಿಮ್ಮ ಅಜ್ಜಿ ಬೀಗರಿಗೆ ಬೈತಾ ಅವ್ರೆ!" ಬೈಗುಳ ಮುಚ್ಚಿಹೋಗಲೆಂದು ಗಡಗಡನೆ ತನ್ನ ತಾಳ ಹಾಕಿದ. ಮುಚ್ಚಲಿಲ್ಲ. ರೊಟ್ಟಿಗೆ ಹುಚ್ಚೆಳ್ಳು ಚಟ್ನಿಯಂತೆ ಕೂಡಿಕೊಂಡಿತು.

ಮೊದಲು ಹಾರಿದವನು ಮದುಮಗನೇ. "ಮಳ್ಳೀ ವೆಯ್ ರಾ!" ಎಂದು ತೆಲುಗಿನಲ್ಲಿ ಕೂಗಿ ಮತ್ತೊಮ್ಮೆ ಹಾಕಿಸಿದ. ಬೀಗರು, ಬೀಗಿತ್ತಿಯರು, ಬಡಿಸಲು ನಿಂತಿದ್ದ ಭಟ್ಟರು, ಎಲ್ಲರೂ ಕಾದ ಮರಳಿಗೆ ಬಿದ್ದ ಜೋಳದಂತೆ ಸಿಡಿದರು. ಮುತ್ತುರಾಜನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಅಷ್ಟರಲ್ಲಿ ಪೆದ್ದಣ್ಣನ ಲಗೇಜ್ ಆಟೋ ಬಂದು ನಿಂತಿತು. ಇನ್ನೊಂದು ಪೆನ್‌ಡ್ರೈವ್ ಹಿಡಿದು ಅಜ್ಜಿ ಸ್ಟೇಜಿಗೇ ಹತ್ತಿದಳು. "ಲೇ ಮುತ್ತಾ! ಹೊಲದ ಮೈಕ್ನಾಗೆ ನಿನ್ ಹಾಡು ಕೇಳಿ ಊರ ನವಿಲೆಲ್ಲಾ ಹೊಲಕ್ಕಿಳಿದು ಗರಿ ಬಿಚ್ಕಂಡು ಕುಣೀತಾ ಅವೆ ಕಣ್ಲಾ!"

ಎದುರಿಗೆ ಮೈಕಿತ್ತು. ಬೀದಿಯೇ ಹೋ ಎಂದಿತು. ತನ್ನದೇ ಬೈಗುಳಕ್ಕೆ ಊರಿಗೂರೇ ಕುಣಿಯುತ್ತಿರುವುದನ್ನು ಅಜ್ಜಿ ಆಗಲೇ ಕಂಡದ್ದು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಅಂಗಲ್ಲ ಕಣ್ರಪ್ಪಾ, ಇಂಗೆ! ಹೋಯ್ ಹೋಯ್ ಹೋಯ್!"

ಆಮೇಲೆ ಪಾವಗಡ ನಿಲ್ಲಲಿಲ್ಲ.

"ಜನ ಕುಣುದ್ರಲ್ಲ ಅಜ್ಜಿ! ಇನ್ನು ಹೊಲ ಕಾಯಲ್ಲ!" ಹೆಗಲ ಮೇಲಿಂದಲೇ ಮುತ್ತುರಾಜ ಕೂಗಿದ. ರೇಣುಕಯ್ಯ ಆನಂದದಿಂದ ಹಾರ ತರಿಸಿದ. "ವರ್ಷಪೂರ್ತಿ ಈ ಜೋಡೀನೇ!" ಎನ್ನುತ್ತ ಒಂದನ್ನು ಸುಫಿಯಾನನ ಕೊರಳಿಗೆ ಹಾಕಿದ. ಮುತ್ತುರಾಜ ಕತ್ತು ಬಗ್ಗಿಸಿದ. ಇನ್ನೊಂದು ಹಾರ ಅವನನ್ನು ದಾಟಿ ಅಜ್ಜಿಯ ಕೊರಳಿಗೆ ಹೋಯಿತು.

ಮರುದಿನ ಬೆಳಗ್ಗೆ 'ಡೀಜೆ ಸುಫಿ–ಹನುಮಕ್ಕ' ಎಂದು ಬ್ಯಾನರ್ ಕಟ್ಟಿದ ವ್ಯಾನು ಮಧುಗಿರಿಗೆ ಹೊರಟಿತು. ಮೈಕಿನ ಗಂಟಲು ಅಜ್ಜಿಯ ಜೊತೆಗೇ ಹೋದ ಮೇಲೆ ಹೊಲಕ್ಕೆ ಉಳಿದವನು ಮುತ್ತುರಾಜ. ನಿನ್ನೆಯ ಹಾಡಿಗೆ ಕಾಯುತ್ತ ನವಿಲುಗಳು ಬೇಲಿಯುದ್ದಕ್ಕೂ ಸಾಲಾಗಿ ಕೂತಿದ್ದವು. ಅವನು ಡಬ್ಬ ಬಡಿದ.

ಹೊಲದ ಪಕ್ಕದಲ್ಲೇ ಹಾದ ವ್ಯಾನಿನ ಕಿಟಕಿಯಿಂದ ಅಜ್ಜಿ ತಲೆ ಹೊರಹಾಕಿದಳು.

"ಲೇ ಮುತ್ತಾ! ಸರ್ಯಾಗ್ ಬಡಿಯೋ, ತಾಳ ತಪ್ತಾ ಐತೆ!"