ಕಿತ್ತಳೆ ಇಂಜಿನ್ನು, ನನ್ನ ಬಣ್ಣ

ನನ್ನ ಕೈಗೆ ಬಂದ ಯಾವ ಹಳೇ ಇಂಜಿನ್ನೇ ಆಗಲಿ, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಆಗದೆ ನನ್ನ ಮನೆಯ ಹೊಸ್ತಿಲು ದಾಟಿ ಹೋಗುವುದಿಲ್ಲ ಎಂದು ನಾನೊಂದು ಪ್ರತಿಜ್ಞೆ ಮಾಡಿದ್ದೆ. ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ. "ಹಾಗಾದ್ರೆ ಮೊದಲು ಅಡುಗೆಮನೆ ನಲ್ಲೀನ ಕಾರ್ಖಾನೆಯಿಂದ ಬಂದ ದಿನ ಇದ್ದ ಹಾಗೆ ಮಾಡಿ. ತಿಂಗಳಿಂದ ಸೋರ್ತಿದೆ" ಎಂದಳು. ದೊಡ್ಡ ಸಂಕಲ್ಪಗಳಿಗೆ ಮನೆಯೊಳಗೆ ಬೆಲೆ ಇಲ್ಲ.

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಯ ತಕ್ಕಡಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮುದ್ರೆ ಒತ್ತದೆ ವಾಪಸು ಕಳಿಸುವುದು ನನ್ನ ಉದ್ಯೋಗ. ಮನೆಗೆ ಬಂದ ಮೇಲೆ, ಹಳೇ ಕಾಲದ, ಅಂಗೈಯಗಲದ ಮಾದರಿ ರೈಲು ಡೀಸೆಲ್ ಇಂಜಿನ್ನುಗಳನ್ನು ಕೂಡಿಹಾಕುವುದು, ರಿಪೇರಿ ಮಾಡುವುದು, ಪುಟ್ಟ ಹಳಿಯ ಮೇಲೆ ಓಡಿಸುವುದು ನನ್ನ ಹುಚ್ಚು. ಉಗಿಬಂಡಿಯೆಂದರೆ ಎಲ್ಲರಿಗೂ ಪ್ರೀತಿ. ಅದರ ಹೊಗೆಗೆ, ಕೂಗಿಗೆ ಮರುಳಾಗದವರಿಲ್ಲ. ಡೀಸೆಲ್ ಇಂಜಿನ್ನನ್ನು ನೋಡಿ ನಿಟ್ಟುಸಿರು ಬಿಟ್ಟವರನ್ನು ನಾನಂತೂ ಕಂಡಿಲ್ಲ. ಚಚ್ಚೌಕ ಮುಖ, ಹೊತ್ತಿಗೆ ಸರಿಯಾಗಿ ಕೆಲಸ, ಯಾರ ಬಾಯಲ್ಲೂ ಒಂದು ಒಳ್ಳೆಯ ಮಾತಿಲ್ಲ; ಥೇಟ್ ಸರಕಾರಿ ನೌಕರ. ಅದಕ್ಕೇ ನನಗೆ ಅವುಗಳ ಮೇಲೆ ಇಷ್ಟು ಮಮತೆ. ನೆಂಟರು ಬಂದರೆ ಮಲಗಲಿ ಎಂದು ಬಿಟ್ಟಿದ್ದ ಕೋಣೆಯಲ್ಲಿ ಈಗ ಇಪ್ಪತ್ತಮೂರು ಇಂಜಿನ್ನುಗಳು ಮಲಗಿವೆ. ನೆಂಟರು ನಡುಮನೆಯಲ್ಲಿ ಮಲಗುತ್ತಾರೆ.

ನಮ್ಮ ಕೆಳಮನೆಯಲ್ಲಿ ಟೈಲರಮ್ಮ ಇದ್ದಾರೆ. ಎಪ್ಪತ್ತು ದಾಟಿದ್ದರೂ ದಿನಕ್ಕೆ ಆರು ತಾಸು ಮಿಷನ್ ತುಳಿಯುತ್ತಾರೆ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಇರುವುದರಿಂದ ಮಾತು ಕಡಿಮೆ. ಅವರ ಯಜಮಾನರು ನಾವು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಒಂದು ಶನಿವಾರ ಟೈಲರಮ್ಮ ಗುಂಡಿಗಳ ತಗಡಿನ ಡಬ್ಬಿಯೊಂದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದರು. ಮುಚ್ಚಳ ತೆಗೆದರೆ ಒಳಗೊಂದು ಡೀಸೆಲ್ ಇಂಜಿನ್ನು.

"ನಮ್ಮನೆಯವರದು. ಮಿಷನ್ ಸುತ್ತ ಹಳಿ ಹಾಕ್ಕೊಂಡು ಓಡಿಸೋರು. ಈಗ ನಿಂತುಹೋಗಿದೆ. ಓಡೋ ಹಾಗೆ ಮಾಡಿಕೊಟ್ರೆ ಸಾಕು ಇನ್ಸ್‌ಪೆಕ್ಟರೇ."

ಇಂಜಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಐವತ್ತು ವರ್ಷದ ಹಿಂದಿನ ಮಾದರಿ. ಪಟ್ಟಿಯಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಆದರೆ ಅದರ ಮೈತುಂಬ ಯಾರೋ ಗೇಟಿಗೆ ಬಳಿಯುವ ಕಿತ್ತಳೆ ಬಣ್ಣ ಮೆತ್ತಿದ್ದರು. ಇಂಜಿನ್ನಿನ ಪುಟ್ಟ ಮೆಟ್ಟಿಲ ಬಳಿ ಬಣ್ಣ ಸೋರಿ ಗಟ್ಟಿಯಾಗಿತ್ತು. ಚಾಲಕನ ಕಿಟಕಿಯ ಮೇಲೆ ಬ್ರಷ್ಷಿನ ಒಂದು ಕೂದಲು ಅಂಟಿಕೊಂಡಿತ್ತು. ಚಾವಣಿಯ ಮೇಲೆ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು.

ಓಡದಿರಲು ಕಾರಣ ಹತ್ತೇ ನಿಮಿಷದಲ್ಲಿ ಸಿಕ್ಕಿತು. ಹಿಂದಿನ ಗಾಲಿಗೆ ಹೊಲಿಗೆಯ ದಾರ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದು ತೆಗೆದೆ, ಒಂದು ತೊಟ್ಟು ಎಣ್ಣೆ ಬಿಟ್ಟೆ, ಹಳಿಯ ಮೇಲಿಟ್ಟೆ. ಗುರ್ ಎಂದು ಓಡಿತು. ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಕರ್ಮ ನನಗೆ ಬರುತ್ತಿರಲಿಲ್ಲ.

"ಓಡ್ತಲ್ಲ, ಕೊಟ್ಟು ಬನ್ನಿ" ಎಂದಳು ಹೆಂಡತಿ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಗುಳಿಗೆ ಹೆಚ್ಚು ಕೊಡುವವಳಲ್ಲ.

"ಹೀಗೇ ಕೊಡೋದಾ? ಈ ಕಿತ್ತಳೆ ಕೆಳಗೆ ಅಸಲಿ ಕಡುನೀಲಿ ಬಣ್ಣ ಇದೆ ಕಣೇ. ಹಳದಿ ಪಟ್ಟಿ ಇದೆ, ನಂಬರ್ ಇದೆ. ಅದನ್ನ ಹೊರಗೆ ತೆಗೆದುಕೊಟ್ರೆ ಆ ಯಮ್ಮ ಎಷ್ಟು ಖುಷಿಪಡ್ತಾರೆ ಗೊತ್ತಾ?"

"ಅವರು ಬಣ್ಣ ತೆಗೀರಿ ಅಂದ್ರಾ?"

"ಕೇಳಿದ ಮೇಲೆ ಮಾಡಿದ್ರೆ ಅದು ಉಪಕಾರ. ಕೇಳದೇನೇ ಮಾಡಿದ್ರೆ ಸೇವೆ."

"ಕೇಳದೇನೇ ಮಾಡೋದಕ್ಕೆ ಅಧಿಕಪ್ರಸಂಗ ಅಂತಾನೂ ಒಂದು ಹೆಸರಿದೆ" ಎಂದು ಅವಳು ಕೆಲಸಕ್ಕೆ ಹೊರಟುಹೋದಳು.

ನಾನು ಇಂಜಿನ್ನಿನ ಲೋಹದ ಮೇಲುಕವಚವನ್ನು ಬಿಚ್ಚಿ, ಅವಳ ಗಾಜಿನ ಬೋಗುಣಿಯಲ್ಲಿ ಬಣ್ಣ ಕೀಳುವ ದ್ರಾವಣ ಸುರಿದು ಅದರಲ್ಲಿ ಮುಳುಗಿಸಿದೆ. ಕಿತ್ತಳೆ ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದು ಬಂತು. ಒಂದು ಪದರವಲ್ಲ, ಒಂದರ ಕೆಳಗೊಂದು ಬರುತ್ತಲೇ ಇತ್ತು. ಕಡುನೀಲಿ ಇಣುಕಿದಾಗ ನಾನು ಕುಣಿಯುವುದೊಂದು ಬಾಕಿ. ಬ್ರಷ್ಷು ತರಲು ಆ ಕಡೆ ಹೋಗಿ ಈ ಕಡೆ ಬರುವಷ್ಟರಲ್ಲಿ ನೀಲಿಯೂ ಹೋಯಿತು, ಹಳದಿ ಪಟ್ಟಿಯೂ ಹೋಯಿತು, ನಂಬರೂ ಹೋಯಿತು. ಬೋಗುಣಿಯ ತಳದಲ್ಲಿ ಬೆತ್ತಲೆ ಬೂದುಲೋಹ ಕೂತಿತ್ತು.

ಆದರೂ ನಾನು ಎದೆಗುಂದಲಿಲ್ಲ. ಅಸಲಿಗಿಂತ ಅಸಲಿಯಾಗಿ ನಾನೇ ನೀಲಿ ಬಳಿದರಾಯಿತು ಎಂದುಕೊಂಡೆ. ಅದಕ್ಕೆ ಮೊದಲು ಟೈಲರಮ್ಮನ ಕಿವಿಗೆ ಸ್ವಲ್ಪ ಶುಭಸಮಾಚಾರ ಹಾಕೋಣವೆಂದು, ಪ್ಯಾಂಟಿನ ಅಂಚು ಬಿಚ್ಚಿದ ನೆಪ ಮಾಡಿಕೊಂಡು ಕೆಳಗಿಳಿದೆ.

ಅವರು ಪ್ಯಾಂಟನ್ನು ತಿರುವಿ ನೋಡುತ್ತಿದ್ದಾಗ ನಾನೇ ಮಾತು ತೆಗೆದೆ. "ಇಂಜಿನ್ನು ಓಡ್ತಿದೆ ಅಮ್ಮಾ. ಆದರೆ ಅದಕ್ಕೆ ಆ ಬಣ್ಣ ಬಳಿದವರು ಯಾರೋ ಪುಣ್ಯಾತ್ಮರು, ಕಣ್ಣು ಕಾಣದೋರೇ ಇರ್ಬೇಕು."

ನಾನು ನಕ್ಕೆ. ಅವರು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಬಳಿದವಳಿಗೆ ಕಾಣಿಸ್ತಿತ್ತು" ಎಂದರು. "ನೋಡೋರಿಗೆ ಕಾಣಿಸ್ತಿರಲಿಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ನಮ್ಮನೆಯವರಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳೀತು. ಆ ನೀಲಿ ಇಂಜಿನ್ನು ಈ ಕಪ್ಪು ನೆಲದ ಮೇಲೆ ಓಡಿದ್ರೆ ಏನೂ ಕಾಣ್ತಿರಲಿಲ್ಲ. ಎಲ್ಲಿದೆ, ಈಗೆಲ್ಲಿದೆ ಅಂತ ಕೇಳ್ತಾ ಕೂತಿರೋರು. ಗೇಟಿಗೆ ತಂದಿದ್ದ ಕಿತ್ತಳೆ ಬಣ್ಣ ಮಿಕ್ಕಿತ್ತು. ಒಂದು ಸಲ ಬಳಿದು, ಕಾಣುತ್ತಾ ಅಂದೆ. ಮಂಜುಮಂಜು ಅಂದ್ರು. ಮತ್ತೆ ಬಳಿದೆ. ನಾಕನೇ ಸಲಕ್ಕೆ, ಹಾಂ ಬಂತು ನೋಡು, ಅಂದ್ರು." ಪ್ಯಾಂಟನ್ನು ಮಡಿಚಿಡುತ್ತ ಕೇಳಿದರು: "ಬಣ್ಣ ಹಾಗೇ ಇದೆ ತಾನೇ?"

ನಾನು "ಹೂಂ" ಎಂದೆ.

ಮೂವತ್ತು ವರ್ಷದಿಂದ ಮಂದಿಯ ತಪ್ಪು ತೂಕ ಹಿಡಿದವನು, ಒಂದೇ ಅಕ್ಷರದಲ್ಲಿ ಅಷ್ಟು ದೊಡ್ಡ ಮೋಸ ಮಾಡಿ ಮೆಟ್ಟಿಲು ಹತ್ತಿದೆ. ಹದಿನೆಂಟು ಮೆಟ್ಟಿಲು. ಪ್ರತಿಯೊಂದರ ಮೇಲೂ ನಾನು ನಕ್ಕ ನಗು ನನಗೆ ಕೇಳಿಸುತ್ತಿತ್ತು.

ಹೆಂಡತಿ ಮನೆಗೆ ಬಂದಾಗ ನಾನು ಬೋಗುಣಿಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ಎಲ್ಲ ಹೇಳಿದೆ. ಅವಳು ಬೋಗುಣಿಗಾಗಿ ಕೂಡ ಬೈಯಲಿಲ್ಲ. ಅದರಿಂದ ನನಗೆ ಇನ್ನೂ ಭಯವಾಯಿತು.

"ಈಗಲೇ ಹೋಗಿ ನಿಜ ಹೇಳಿಬಿಡಿ."

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದೊಂದೇ ಮುಖ, ಅದನ್ನೇ ಇಟ್ಕೊಂಡು ಹೋಗಿ."

ನಾನು ಹೋಗಲಿಲ್ಲ. ಹೇಡಿಗೆ ನೂರು ದಾರಿ. ಮೊದಲು ಹೇಗಿತ್ತೋ ಹಾಗೇ ಮತ್ತೆ ಬಳಿದುಕೊಟ್ಟರೆ ಯಾರಿಗೂ ನೋವಿಲ್ಲ ಎಂದು ಲೆಕ್ಕ ಹಾಕಿ, ಮರುದಿನ ಗೇಟಿನ ಕಿತ್ತಳೆ ಬಣ್ಣ ತಂದೆ.

ಕೆಟ್ಟದಾಗಿ ಬಣ್ಣ ಬಳಿಯುವುದು ಎಷ್ಟು ಕಷ್ಟದ ವಿದ್ಯೆಯೆಂದು ನನಗೆ ಗೊತ್ತಾದದ್ದು ಆಗಲೇ. ಇಪ್ಪತ್ತು ವರ್ಷದಿಂದ ನನ್ನ ಕೈ ನೀಟಾಗಿ ಬಳಿಯುವುದನ್ನೇ ಕಲಿತಿದೆ. ಮೊದಲ ಸಲ ಬಣ್ಣ ಕನ್ನಡಿಯ ಹಾಗೆ ಕೂತಿತು. ಹೆಂಡತಿ ನೋಡಿ, "ಚೆನ್ನಾಗಿದೆ, ಅದೇ ತೊಂದರೆ" ಎಂದಳು. ಕಿತ್ತು ಮತ್ತೆ ಬಳಿದೆ. ಎಡಗೈಯಲ್ಲಿ ಬಳಿದೆ. ಕಣ್ಣು ಮುಚ್ಚಿಕೊಂಡು ಬಳಿದೆ. ಆಗ ಮೇಜಿನ ಬಟ್ಟೆಗೆ ಹೆಚ್ಚು ಬಣ್ಣವಾಯಿತು. ಕಿಟಕಿಯ ಮೇಲೆ ಅಂಟಿಸಲು ಗಡ್ಡ ಕೆರೆಯುವ ಬ್ರಷ್ಷಿನಿಂದ ಒಂದು ಕೂದಲು ಕತ್ತರಿಸಿದೆ. ಮೆಟ್ಟಿಲ ಬಳಿ ಬಣ್ಣ ಸೋರಲೆಂದು ಕವಚವನ್ನು ಓರೆಯಾಗಿ ಹಿಡಿದು ಮುಕ್ಕಾಲು ತಾಸು ನಿಂತೆ. ಬಣ್ಣ ಸೋರಿತು, ಆದರೆ ತಪ್ಪು ಕಡೆಗೆ. ಇನ್ನು ಉಳಿದದ್ದು ಚಾವಣಿಯ ಮೇಲಿನ ಹೆಬ್ಬೆರಳು. ನನ್ನ ಹೆಬ್ಬೆರಳು ಒತ್ತಿದರೆ ಇಂಜಿನ್ನಿನ ಮೇಲೆ ಆನೆ ಕೂತ ಹಾಗೆ ಕಾಣುತ್ತಿತ್ತು.

"ನಿನ್ನ ಹೆಬ್ಬೆಟ್ಟು ಒಂದ್ಸಲ ಒತ್ತು ಮಾರಾಯ್ತಿ" ಎಂದು ಬೇಡಿಕೊಂಡೆ.

"ಆಗಲ್ಲ. ಹೆಬ್ಬೆಟ್ಟು ನಂದಾದ್ರೆ ಕಳ್ಳತನಾನೂ ನಂದಾಗುತ್ತೆ."

ಹೀಗೆ ಎಂಟು ದಿನ ಕಳೆಯಿತು. ಮೆಟ್ಟಿಲ ಮೇಲೆ ಟೈಲರಮ್ಮ ಎದುರಾಗಬಾರದೆಂದು, ಅವರ ಮಿಷನ್ ಸದ್ದು ಕೇಳುತ್ತಿರುವಾಗಲಷ್ಟೇ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದೆ, ಹತ್ತುತ್ತಿದ್ದೆ. ಕಚೇರಿಯಲ್ಲಿ ಒಬ್ಬ ವರ್ತಕನ ತಕ್ಕಡಿ ಕಣ್ಣಿಗೆ ಕಾಣುವಷ್ಟು ವಾಲಿದ್ದರೂ ಅವನನ್ನು ಗದರಲು ನಾಲಿಗೆ ಏಳಲಿಲ್ಲ. ಅವನೇ ಗಾಬರಿಯಾಗಿ, "ಸಾರ್, ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳಿದ.

ಒಂಬತ್ತನೆಯ ದಿನ ಬೆಳಿಗ್ಗೆ, ಕಚೇರಿಗೆಂದು ಬಿಳಿ ಷರ್ಟು ಹಾಕಿಕೊಂಡವನು, ಹೊರಡುವ ಮುಂಚೆ ಕೊನೆಯ ಪದರ ಬಳಿದುಬಿಡೋಣವೆಂದು ಕೂತೆ. ಬೇರೆ ದಾರಿಯಿಲ್ಲದೆ ಚಾವಣಿಯ ಮೇಲೆ ನನ್ನ ಹೆಬ್ಬೆರಳನ್ನೇ ಒತ್ತಿ ಮುಗಿಸಿದೆ. ಕೈಯಲ್ಲಿ ಎತ್ತಿ ಹಿಡಿದು ನೋಡುತ್ತಿದ್ದೆ. ಯಾರೋ ಬಾಗಿಲು ಬಡಿದರು. ಹೆಂಡತಿ ಬಚ್ಚಲಲ್ಲಿದ್ದಳು. ಹಾಲಿನವನಿರಬೇಕೆಂದು ಇಂಜಿನ್ನು ಹಿಡಿದೇ ಹೋಗಿ ತೆಗೆದರೆ, ಎದುರಿಗೆ ಟೈಲರಮ್ಮ! ಅವರ ಕೈಯಲ್ಲಿ ನನ್ನ ಪ್ಯಾಂಟು.

ಇಂಜಿನ್ನು ತನ್ನಷ್ಟಕ್ಕೇ ನನ್ನ ಬೆನ್ನ ಹಿಂದೆ ಹೋಯಿತು.

"ಪ್ಯಾಂಟು ಕೊಟ್ಟು ಹೋದೋರು ಆ ಕಡೆ ತಲೇನೇ ಹಾಕ್ಲಿಲ್ವಲ್ಲ" ಎಂದರು. ನಾನು ಒಂದೇ ಕೈಯಲ್ಲಿ ಪ್ಯಾಂಟು ತೆಗೆದುಕೊಂಡೆ. ಅಷ್ಟರಲ್ಲಿ ಅವರ ದೃಷ್ಟಿ ನನ್ನ ಭುಜದ ಮೇಲೆ ನಿಂತಿತು. "ಹೊಲಿಗೆ ಬಿಚ್ಚಿದೆ ಅಲ್ಲಿ. ತಿರುಗಿ, ನೋಡೋಣ."

"ಬೇಡಮ್ಮಾ, ಪರವಾಗಿಲ್ಲ."

"ಬಿಚ್ಚಿದ ಷರ್ಟಲ್ಲಿ ಕಚೇರಿಗೆ ಹೋಗ್ತೀರಾ? ಎರಡು ಹೊಲಿಗೆ ಅಷ್ಟೇ. ತಿರುಗಿ."

ಅವರು ಒಂದು ಹೆಜ್ಜೆ ಮುಂದೆ ಬಂದರು. ನಾನು ಒಂದು ಹೆಜ್ಜೆ ಹಿಂದೆ ಹೋದೆ. ಅವರು ಎಡಕ್ಕೆ ಬಂದರೆ ನಾನು ಬಲಕ್ಕೆ. ನನ್ನ ಮುಖದ ಮೇಲೆ ಒಂದು ನಗೆಯಿತ್ತು. ಅದನ್ನು ಇಳಿಸುವುದು ಹೇಗೆಂದು ಗೊತ್ತಾಗುತ್ತಿರಲಿಲ್ಲ. ಹೀಗೆ ಹಿಂದುಹಿಂದಕ್ಕೆ ಹೋಗಿ ಗೋಡೆಗೆ ಒರಗಿದೆ. ಬೆನ್ನಿಗೂ ಗೋಡೆಗೂ ನಡುವೆ ಏನೋ ತಣ್ಣಗೆ ಜಾರಿತು; ಬೆಚ್ಚಿ ಗೋಡೆ ಬಿಟ್ಟು ಮುಂದಕ್ಕೆ ಸರಿದೆ.

ಆಗ ಬಚ್ಚಲಿನಿಂದ ಹೊರಬಂದ ಹೆಂಡತಿ ಪಕ್ಕದಿಂದ ನನ್ನನ್ನು ನೋಡಿದಳು. ಅವಳಿಗೆ ಅಲ್ಲಿಂದ ನನ್ನ ಬೆನ್ನು ಕಾಣುತ್ತಿತ್ತು, ಟೈಲರಮ್ಮ ಕಾಣುತ್ತಿರಲಿಲ್ಲ.

"ಅಯ್ಯೋ ರೀ, ಬೆನ್ನ ಮೇಲೆಲ್ಲ ಇಂಜಿನ್ನು ಓಡಿದೆಯಲ್ಲ" ಎಂದಳು.

ನಮ್ಮ ಭಾಷೆಯಲ್ಲಿ ಬಣ್ಣ ಬಯಲಾಗುವುದು ಎಂದೇಕೆ ಹೇಳುತ್ತಾರೆಂದು ನನಗೆ ಯಾರೂ ಇನ್ನು ವಿವರಿಸಬೇಕಾಗಿಲ್ಲ. ನಾನು ತಿರುಗಿ ನಿಂತೆ. ಬಿಳಿ ಷರ್ಟಿನ ಮೇಲೆ ಕಿಟಕಿ ಸಮೇತ ಕಿತ್ತಳೆ ಇಂಜಿನ್ನು. ಕೈಯಲ್ಲಿ ಒಂದು ಪಕ್ಕದ ಹಸಿ ಬಣ್ಣ ಕಳೆದುಕೊಂಡ ಇಂಜಿನ್ನು.

ಟೈಲರಮ್ಮ ಕೈ ಚಾಚಿದರು. ಕೊಟ್ಟೆ. ಅವರು ಹಳೇ ಪತ್ರಿಕೆಯ ಮೇಲೆ ಅದನ್ನಿಟ್ಟು, ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನಾನು ನಿಂತೇ ಇದ್ದೆ. ನಿಂತಲ್ಲೇ ಎಲ್ಲ ಒಪ್ಪಿಕೊಂಡೆ. ದಾರ, ಬೋಗುಣಿ, ಕಡುನೀಲಿ, ಆ ಸುಳ್ಳು ಹೂಂ, ಎಡಗೈ, ಗಡ್ಡದ ಬ್ರಷ್ಷು. ಹೇಳುತ್ತ ಹೇಳುತ್ತ ನನ್ನ ಧ್ವನಿ ಕುಗ್ಗಿ, ಕೊನೆಕೊನೆಗೆ ಹೆಂಡತಿಯೇ ಒಂದೆರಡು ಮಾತು ಸೇರಿಸಬೇಕಾಯಿತು.

"ಹಳೇದು ಒಂದು ಚೂರೂ ಉಳಿದಿಲ್ವಾ?" ಎಂದು ಕೇಳಿದರು.

"ಇಲ್ಲಮ್ಮಾ."

ಅವರು ಕಿಟಕಿಯ ಮೇಲಿನ ಕೂದಲನ್ನು ಉಗುರಿನಿಂದ ಮುಟ್ಟಿ ನೋಡಿದರು. ಸೋರಿದ ಬಣ್ಣ ನೋಡಿದರು. ನನ್ನ ಆನೆ ಹೆಬ್ಬೆರಳನ್ನು ನೋಡಿದರು.

"ಇಷ್ಟು ಕೆಟ್ಟದಾಗಿ ಬಳಿದಿದ್ನಾ ನಾನು?"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ನೆಲ ನೋಡಿದೆ. ನೆಲದ ಮೇಲೂ ಕಿತ್ತಳೆ ಹನಿಗಳಿದ್ದವು.

"ಇದನ್ನೆಲ್ಲ ಕಿತ್ತುಹಾಕಿ" ಎಂದರು ಟೈಲರಮ್ಮ. "ಅದೊಂದು ನಿಮಗೆ ಚೆನ್ನಾಗಿ ಬರುತ್ತಲ್ಲ. ಆಮೇಲೆ ಬ್ರಷ್ಷು, ಬಣ್ಣ ತಗೊಂಡು ಕೆಳಗೆ ಬನ್ನಿ. ನಾನೇ ಬಳೀತೀನಿ."

ಆ ಭಾನುವಾರ ಬಣ್ಣದ ಡಬ್ಬಿ ಹಿಡಿದುಕೊಂಡು ಹೆಂಡತಿಯೊಂದಿಗೆ ಅವರ ಮಿಷನ್ ಪಕ್ಕ ಕೂತೆ. ಅವರ ಕೈಗೆ ಅವಸರವಿರಲಿಲ್ಲ. ಒಂದು ಕಡೆ ಬಣ್ಣ ದಪ್ಪವಾಗಿ ಇಳಿಯತೊಡಗಿದಾಗ, "ಅಮ್ಮಾ, ಅಲ್ಲಿ ಸ್ವಲ್ಪ..." ಎಂದು ನನ್ನ ಬಾಯಿ ತೆರೆಯಿತು. ಹೆಂಡತಿ ನನ್ನ ಕಾಲು ತುಳಿದಳು. ಬಾಯಿ ಮುಚ್ಚಿತು.

"ಈಗ ನೋಡೋರು ಇಲ್ಲ. ಒಂದು ಪದರ ಸಾಕು" ಎಂದರು ಅವರು. ಬಣ್ಣ ಒಣಗುವವರೆಗೆ ಟೀ ಕೊಟ್ಟರು. ಕೇಳದೇನೇ ಅವರೇ ಹೇಳಿದರು: "ಕೊನೆಕೊನೆಗೆ ಕಿತ್ತಳೇನೂ ಕಾಣ್ತಿರಲಿಲ್ಲ ಅವರಿಗೆ. ನನ್ನ ಮನಸ್ಸಿಗೆ ನೋವಾಗುತ್ತೆ ಅಂತ, ಕಾಣುತ್ತೆ ಕಾಣುತ್ತೆ ಅನ್ನೋರು. ಇಂಜಿನ್ನು ಆ ಕಡೆ ಓಡ್ತಿದ್ರೆ ಈ ಕಡೆ ನೋಡ್ಕೊಂಡು, ಬಲು ಚೆನ್ನಾಗಿ ಕಾಣ್ತಿದೆ ಅಂತ ತಲೆ ಆಡಿಸೋರು. ಅವರಿಗೂ ನಿಮ್ಮ ಹಾಗೇ, ಸುಳ್ಳು ಹೇಳೋಕೇ ಬರ್ತಿರಲಿಲ್ಲ."

ಆ ಯಜಮಾನರ ಸುಳ್ಳಿಗೂ ನನ್ನ ಸುಳ್ಳಿಗೂ ಇರುವ ಅಂತರ ನನಗೆ ಗೊತ್ತಿತ್ತು. ಟೈಲರಮ್ಮನಿಗೂ ಗೊತ್ತಿತ್ತು. ಆದರೂ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರಲ್ಲ, ಅದನ್ನು ಸಹಿಸಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು. ನಾನು ಟೀ ಲೋಟದಿಂದ ಮುಖ ಎತ್ತಲಿಲ್ಲ.

ಸಂಜೆಗೆ ಇಂಜಿನ್ನನ್ನು ಹಳಿಯ ಮೇಲಿಟ್ಟೆ. ಮಿಷನ್ನಿನ ಕಾಲು ಸುತ್ತಿ, ಕತ್ತರಿಸಿದ ಬಟ್ಟೆ ತುಂಡುಗಳ ನಡುವೆ ಹಾದು, ಅದು ಗುರ್ ಎಂದು ಓಡತೊಡಗಿತು. ಟೈಲರಮ್ಮ ಅದು ಹೋದ ಕಡೆಯೆಲ್ಲ ಕಣ್ಣು ತಿರುಗಿಸುತ್ತ ಐದಾರು ಸುತ್ತು ನೋಡಿದರು. ಆಮೇಲೆ ಸೂಜಿಗಳನ್ನು ಬಾಯಿಗಿಟ್ಟುಕೊಂಡು ಕೆಲಸಕ್ಕೆ ಕೂತರು.

ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಮಾಡಿದ ಪಾಪಕ್ಕೆ ಇನ್ನಷ್ಟು ಪ್ರಾಯಶ್ಚಿತ್ತ ಬೇಕೆನಿಸಿತು. ಸುತ್ತ ಕಣ್ಣಾಡಿಸಿದೆ. ಹಳಿಯ ಒಂದು ಜೋಡಣೆ ಕೊಂಚ ಸಡಿಲವಿತ್ತು. ಮಿಷನ್ನಿನ ಚಕ್ರಕ್ಕೂ ಎಣ್ಣೆ ಬೇಕಿತ್ತು. ಬಾಗಿಲ ಬಳಿ ನಿಂತು, ಆದಷ್ಟೂ ವಿನಯದಿಂದ ಕೇಳಿದೆ:

"ಅಮ್ಮಾ, ನನ್ನಿಂದ ಇನ್ನೇನಾದ್ರೂ ಆಗ್ಬೇಕಾ?"

ಟೈಲರಮ್ಮ ಮಿಷನ್ ನಿಲ್ಲಿಸಿದರು. ಬಾಯಿಂದ ಸೂಜಿ ತೆಗೆದರು.

"ಆಗಬಾರದು ಇನ್ಸ್‌ಪೆಕ್ಟರೇ" ಎಂದರು.