ಆಸ್ಪತ್ರೆಯ ಕಿಟಕಿಯೆದುರು ಕೊಲೆಗಾರನನ್ನು ನಿಲ್ಲಿಸಿದವರಿಗೆ

ಮಾನ್ಯ ನಿರ್ದೇಶಕರೇ,

ನನ್ನ ಪತ್ತೇದಾರಿ ಕಾದಂಬರಿಯನ್ನು ಸಿನಿಮಾ ಮಾಡಲು ತಾವು ಕೈಗೆತ್ತಿಕೊಂಡ ದಿನದಿಂದ ತಮ್ಮ ಆಯುರಾರೋಗ್ಯವನ್ನು ಹಾರೈಸುತ್ತಲೇ ಬಂದಿರುವ, ಈಚೆಗೆ ಮಾತ್ರ ಸ್ವಲ್ಪ ಹಿಂದೆಮುಂದೆ ನೋಡುತ್ತಿರುವ ಲೇಖಕನ ತಲೆಬಾಗಿದ ವಂದನೆಗಳು.

ತಮ್ಮಂಥ ದೊಡ್ಡವರಿಗೆ ಪುಸ್ತಕ ಓದಲು ಪುರುಸೊತ್ತಿರುವುದಿಲ್ಲವಾದ್ದರಿಂದ ನೆನಪಿಸುತ್ತೇನೆ: ನನ್ನ ಕಥೆಯಲ್ಲಿ ಕೊಲೆಗಾರ ಬೀಗ ರಿಪೇರಿಯವನು. ಮೊದಲ ಅಧ್ಯಾಯದಲ್ಲಿ ಬಂದು, ಬಾಗಿಲು ಸರಿಮಾಡಿ, ಒಂದು ಲೋಟ ನೀರು ಕುಡಿದು ಹೋಗುತ್ತಾನೆ. ಓದುವವರು ನೋಡಿಯೂ ನೋಡದಂತೆ ಅವನನ್ನು ಆ ಎರಡು ವಾಕ್ಯಗಳಲ್ಲಿ ಅಡಗಿಸಲು ನಾನು ಇಡೀ ಬೇಸಿಗೆ ಹೆಣಗಿದ್ದೆ. ಥ್ರಿಲ್ಲರ್ ಬರೆಯುವವನ ಕಸುಬೇ ಅದು, ಎಲ್ಲವನ್ನೂ ಕಣ್ಣೆದುರೇ ಇಟ್ಟು ಕಣ್ಣನ್ನು ಬೇರೆ ಕಡೆ ತಿರುಗಿಸುವುದು. ತಾವು ಆ ಪಾತ್ರಕ್ಕೆ ಅತಿ ದುಬಾರಿ ನಟರೊಬ್ಬರನ್ನು ಕರೆತಂದಿರಿ. ಖಾಸಗಿ ಪ್ರದರ್ಶನದಲ್ಲಿ ನೋಡಿದೆ: ಅವರು ನೀರು ಕುಡಿದರೆ ಪಿಟೀಲುಗಳೆಲ್ಲ ಕಿರುಚುತ್ತವೆ, ಕ್ಯಾಮೆರಾ ಗಂಟಲ ಮೇಲೇ ಹತ್ತಿ ಕೂರುತ್ತದೆ. ಹೊರಗೆ ಟಿಕೆಟ್ ಹರಿಯುವವನಿಗೆ ಕೊಲೆಗಾರ ಯಾರೆಂದು ತಿಳಿಯದೇ ಹೋದೀತೆಂಬ ತಮ್ಮ ಕಾಳಜಿಗೆ ಏನೆನ್ನಲಿ!

ಇಷ್ಟಾದರೂ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ, ಅದು ನಮ್ಮಕ್ಕನವರೆಗೆ ಬಾರದಿದ್ದರೆ. ನನ್ನ ಪ್ರತಿ ಪುಸ್ತಕವನ್ನೂ ಮೊದಲು ಓದುವವಳು ಅವಳು, ಅರ್ಧ ದಾಟುವ ಮುಂಚೆಯೇ "ಇವನೇ ತಾನೇ? ನಿನ್ನ ಬುದ್ಧಿ ನಂಗೊತ್ತಿಲ್ವಾ?" ಎಂದು ಜಂಬ ಇಳಿಸುವವಳು. ಈ ಸಲ ಕೊನೆಯ ಅಧ್ಯಾಯವೊಂದು ಉಳಿದಿರುವಾಗ ಕಣ್ಣಿನ ಪೊರೆ ದಟ್ಟವಾಗಿ ಅಕ್ಷರ ಕಾಣದೆ, "ಯಾರು ಅಂತ ಗೊತ್ತೇ ಆಗ್ತಿಲ್ಲ ಕಣೋ. ಹೇಳ್ಬೇಡ ಮತ್ತೆ, ಆಪರೇಷನ್ ಆಗ್ಲಿ" ಎಂದಳು. ಬರೆದು ಬರೆದು ನನಗೆ ಸಿಕ್ಕಿರುವ ಪ್ರಶಸ್ತಿ ಅದೊಂದೇ.

ಪೊರೆ ಬಲಿಯಲೆಂದು ವೈದ್ಯರು ಕಾಯಿಸಿ ಕಾಯಿಸಿ, ತಮ್ಮ ಸಿನಿಮಾ ಮುಗಿಯುವ ಹೊತ್ತಿಗೆ ಆಪರೇಷನ್ ಆಯಿತು. ದಾದಿ ಪಟ್ಟಿ ಬಿಚ್ಚಿ, ದೂರ ನೋಡಲೆಂದು ಅಕ್ಕನನ್ನು ಕಿಟಕಿಯ ಬಳಿ ಕೂರಿಸಿದಳು. ಎದುರು ಗೋಡೆಯ ತುಂಬ ತಮ್ಮ ಪೋಸ್ಟರು! ಒಂದು ಕೈಯಲ್ಲಿ ಬೀಗದ ಕೈಗಳ ಗೊಂಚಲು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಚಾಕು ಹಿಡಿದ ತಮ್ಮ ನಟರು. ಕೆಳಗೆ ಮಾರುದ್ದದ ಅಕ್ಷರಗಳಲ್ಲಿ 'ಬೀಗ ತೆರೆಯಲು ಬಂದ, ಬಾಳು ಮುಗಿಸಿ ಹೋದ'. ಅದರಡಿ, ತಮ್ಮ ದೊಡ್ಡ ಮನಸ್ಸಿನಿಂದ, ನನ್ನ ಕಾದಂಬರಿಯ ಹೆಸರು. ಆಪರೇಷನ್ ಯಶಸ್ವಿಯಾಗಿದೆ ಎಂದು ವೈದ್ಯರು ನನ್ನ ಕೈ ಕುಲುಕಿದರು.

ಆದ್ದರಿಂದ ಪಿಟೀಲಿನವರಿಗೆಲ್ಲ ಸಂಬಳಸಹಿತ ರಜೆ ಕೊಡಬೇಕೆಂದೂ, ತಮ್ಮ ನಟರ ಮುಖಕ್ಕೆ ಊರಿಡೀ ಗೋಣಿಚೀಲ ತೊಡಿಸಬೇಕೆಂದೂ, ಅಕ್ಕನ ಕಣ್ಣೊಳಗೆ ಹೊಕ್ಕ ಆ ಮುಖವನ್ನು ತಾವೇ ಖುದ್ದಾಗಿ ಬಂದು ವಾಪಸ್ ಕೊಂಡೊಯ್ಯಬೇಕೆಂದೂ ಕೋರುತ್ತೇನೆ. ಬೇಕಾದರೆ ಪೊರೆಯನ್ನು ನಾವೇ ಮತ್ತೆ ಇಟ್ಟುಕೊಳ್ಳುತ್ತೇವೆ. ಇದೆಲ್ಲ ಆಗದ ಮಾತೆನ್ನುವುದಾದರೆ ಆಮೇಲೆ ನಡೆದದ್ದನ್ನಾದರೂ ಕೇಳಿ.

ಅಕ್ಕ ಪೋಸ್ಟರಿನ ಸುದ್ದಿಯನ್ನೇ ಎತ್ತಲಿಲ್ಲ. "ಎಲ್ಲಾ ಮಂಜು ಮಂಜು ಕಣೋ, ನೀನೇ ಓದಿ ಹೇಳು" ಎಂದಳು. ಹಾಸಿಗೆಯ ಪಕ್ಕ ಕೂತು ಆ ಕೊನೆಯ ಅಧ್ಯಾಯ ಓದತೊಡಗಿದೆ. "ಅಯ್ಯಯ್ಯೋ, ಬೀಗದವನಾ! ನಂಗೆ ಹೊಳೀಲೇ ಇಲ್ಲ ನೋಡು!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಪುಸ್ತಕದಲ್ಲಿ ಬೀಗದವನ ಸುದ್ದಿ ಬರಲು ಇನ್ನೂ ಅರ್ಧ ಪುಟ ಬಾಕಿಯಿತ್ತು. ನಾನು ತಲೆಯೆತ್ತದೆ ಮುಂದಕ್ಕೆ ಓದಿದೆ.

ತಮ್ಮ ವಿಶ್ವಾಸಿ,
ಆ ಎರಡು ವಾಕ್ಯ ಬರೆದವನು

ವಿ.ಸೂ.: ಅಭಿನಯ ಕಲಿಯಬೇಕೆಂದಿದ್ದರೆ ತಮ್ಮ ನಟರನ್ನು ಅಕ್ಕನ ಬಳಿ ಕಳುಹಿಸಿ. ಅವಳು ಅರ್ಧ ಪುಟ ಮುಂಚೆಯೇ ಬೆಚ್ಚಿಬಿದ್ದರೂ ನನ್ನ ಕಣ್ಣು ಒದ್ದೆಯಾಯಿತು. ತಮ್ಮವರು ಇಡೀ ಸಿನಿಮಾ ಬೆಚ್ಚಿಸಲು ನೋಡಿದರೂ ನನಗೆ ಬಂದದ್ದು ಆಕಳಿಕೆ.