ಗಾಜಿನ ಬೀರುವಿನೊಳಗಿನ ಹುಲ್ಲುಮೆದೆ

ತಿ. ನರಸೀಪುರದ ಹೊಳೆದಂಡೆ ವಾಚನಾಲಯದ ಗೌರವ ಕಾರ್ಯದರ್ಶಿಗಳೂ, ಅಲ್ಲಿನ ಸಕಲ ಬೀಗದ ಕೈಗಳ ಏಕೈಕ ಪಾಲಕರೂ ಆದ ಶ್ರೀಮಾನ್ ಚಿಕ್ಕಬಸಪ್ಪನವರ ಸನ್ನಿಧಾನಕ್ಕೆ, ಬನ್ನೂರಿನ ಬೋರ್ಡ್ ಪೇಂಟರ್ ಮರಿಸ್ವಾಮಿಯವರ ಮಗಳು ಇಂದ್ರಾಣಿ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಾವೂ, ತಮ್ಮ ಗಾಜಿನ ಬೀರುವೂ, ಅದರ ಎರಡು ಬೀಗಗಳೂ ಕ್ಷೇಮವೆಂದು ನಂಬಿದ್ದೇನೆ. ಜನರಿಗೆ ಪುಸ್ತಕ ಓದಿಸುವವರು ನಾಡಿನಲ್ಲಿ ಹಲವರಿರಬಹುದು, ಆದರೆ ಪುಸ್ತಕವನ್ನು ಜನರಿಂದ ಕಾಪಾಡುವವರು ತಾವೊಬ್ಬರೇ. ಇದು ಊರಿಗೆಲ್ಲ ತಿಳಿಯಲಿ ಎಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮಗೆ ಗೊತ್ತಿರುವುದನ್ನೇ ಓದುಗರ ಸಲುವಾಗಿ ಹೇಳುತ್ತೇನೆ. ಫ್ರಾನ್ಸಿನ ಮೊನೆ ಎಂಬ ಚಿತ್ರಕಾರನ ಬಗೆಗಿನ ಆ ದಪ್ಪ ಚಿತ್ರಪುಸ್ತಕವನ್ನು ನನ್ನ ತಂದೆ, ಮೈಸೂರಿನ ಹಳೇ ಪುಸ್ತಕದಂಗಡಿಯೊಂದಕ್ಕೆ ಬೋರ್ಡು ಬರೆದುಕೊಟ್ಟ ದಿನ ಕೂಲಿಯ ಬದಲು ಕೇಳಿ ತಂದಿದ್ದರು. ಇಂಗ್ಲಿಷ್ ಬಾರದ ಅವರಿಗೆ ಚಿತ್ರ ನೋಡಲು ಯಾರ ಸಹಾಯವೂ ಬೇಕಿರಲಿಲ್ಲ. ಆ ಮೊನೆ ಹುಲ್ಲಿನ ಮೆದೆಗಳನ್ನು ಬೆಳಗಿನ ಬಿಸಿಲಿನಲ್ಲಿ, ಬೈಗಿನ ಕೆಂಪಿನಲ್ಲಿ, ಮಂಜಿನಲ್ಲಿ ಮತ್ತೆ ಮತ್ತೆ ಬರೆದಿರುವ ಪುಟಗಳು ಅದರಲ್ಲಿವೆ. “ಉಟ್ದಾಗಿಂದ ಮೆದೆ ನೋಡಿವ್ನಿ ಕಣವ್ವ, ಅದ್ರ ನೆಳ್ಳು ನೀಲಿ ಅಂತ ಈವಯ್ಯ ತೋರ್ಸೋಗಂಟ ಗೊತ್ತಿರ್ನಿಲ್ಲ” ಎನ್ನುತ್ತಿದ್ದರು ಅಪ್ಪ. “ಇಂಗ್ ಒಟ್ಟಿದ್ರೆ ಮೊದ್ಲ ಮಳ್ಗೇ ಉಲ್ಲೆಲ್ಲ ಕೊಳ್ತೋಯ್ತದೆ” ಎಂಬುದು ನನ್ನ ತಾಯಿ ಮುದ್ದಮ್ಮನ ವಿಮರ್ಶೆ. ಫ್ಲೆಕ್ಸ್ ಬಂದು ಬ್ರಷ್ ಕೆಳಗಿಟ್ಟ ವರ್ಷ ಅಪ್ಪ, ಮನೆಯಲ್ಲಿದ್ದರೆ ನಾವಷ್ಟೇ ನೋಡುತ್ತೇವೆ, ವಾಚನಾಲಯದಲ್ಲಿದ್ದರೆ ಊರೆಲ್ಲ ನೋಡುತ್ತದೆ ಎಂದುಕೊಂಡು ಅದನ್ನು ತಮಗೆ ಒಪ್ಪಿಸಿದರು. ಅವರ ತಿಳಿವಳಿಕೆ ಅಷ್ಟೇ ಇತ್ತು, ಕ್ಷಮಿಸಬೇಕು.

ಆಮೇಲೆ ಮೈಸೂರಿನಿಂದ ಬಂದ ಸಂಗ್ರಾಹಕರೊಬ್ಬರು ಕನ್ನಡಕ ಏರಿಸಿ ನೋಡಿ, ಇದು ಮುನ್ನೂರೇ ಪ್ರತಿ ಅಚ್ಚಾದ, ನಂಬರು ಹಾಕಿದ ಅಪರೂಪದ ಮುದ್ರಣ ಎಂದರಂತೆ. ಅಂದಿನಿಂದ ಪುಸ್ತಕಕ್ಕೆ ರಾಜಯೋಗ. ಅದಕ್ಕೆ ಮೇಜಿನಿಂದ ಬೀರುವಿಗೆ ಬಡ್ತಿ ಕೊಟ್ಟು, ಎರಡು ಬೀಗ ಜಡಿದು, ಎದುರಿಗೊಂದು ಕ್ಯಾಮೆರಾ ಕೂರಿಸಿದಿರಿ. ಈಗ ಗಾಜಿನೆದುರು ನಿಂತರೆ ಮೊನೆ ಕಾಣುವುದಿಲ್ಲ, ನಮ್ಮ ಮುಖವೇ ಕಾಣುತ್ತದೆ. ಇಂಥ ಆತ್ಮಾವಲೋಕನದ ಸೌಲಭ್ಯ ಬೇರೆ ಯಾವ ವಾಚನಾಲಯದಲ್ಲಿದೆ?

ಇನ್ನು ನನ್ನ ಅಹವಾಲು. ಅಪ್ಪನ ಕಣ್ಣಿನ ನರ ಒಣಗುತ್ತಿದೆ. ಈ ವರ್ಷ ಕಳೆಯುವಷ್ಟರಲ್ಲಿ ಇರುವ ನೋಟವೂ ಹೋಗಬಹುದೆಂದು ಡಾಕ್ಟರು ಹೇಳಿದ್ದಾರೆ. “ಪೂರಾ ಕತ್ತ್ಲಾಗಕ್ ಮುಂಚೆ ಆ ಮೆದೆಗಳ್ನ ಒಂದ್ ಕಿತ ನೋಡ್ಬುಡ್ಬೇಕು” ಎಂದರು ಅಪ್ಪ. ಇದಕ್ಕಿಂತ ಸಣ್ಣ ಆಸೆಯನ್ನು ನಾನು ಕೇಳಿಲ್ಲ. ಶ್ರಾವಣದಲ್ಲಿ ಅವರ ಕೈ ಹಿಡಿದು ಬಸ್ಸಿನಲ್ಲಿ ಕರೆತಂದಾಗ, ನೋಡುವವರ ಬೆರಳುಗಳು ಶುಭ್ರವಾಗಿವೆ ಎಂದು ಪತ್ರಾಂಕಿತ ಅಧಿಕಾರಿಗಳಿಂದ ಬರೆಸಿ ತನ್ನಿ ಎಂದಿರಿ. ನಲವತ್ತು ವರ್ಷ ಬಣ್ಣದಲ್ಲಿ ಅದ್ದಿದ ಬೆರಳುಗಳಿಗೆ ಅದನ್ನೂ ಬರೆಸಿ ತಂದೆವು. ಅಂದು ತಾವು, ಓದುವ ಹವ್ಯಾಸ ಕುಸಿಯುತ್ತಿರುವುದರ ಬಗ್ಗೆ ಕಳವಳದಿಂದ ಭಾಷಣ ಮಾಡಲು ನಂಜನಗೂಡಿಗೆ ಹೋಗಿದ್ದಿರಿ, ಬೀಗದ ಕೈ ತಮ್ಮ ಜೇಬಿನಲ್ಲಿತ್ತು. ಮೂರನೆಯ ಸಲ ನವರಾತ್ರಿ. ಪುಸ್ತಕ ಸರಸ್ವತಿ ಪೂಜೆಗೆ ಕೂತಿದೆ, ಪೂಜೆಗಿಟ್ಟದ್ದನ್ನು ಓದುವಂತಿಲ್ಲ ಎಂದಿರಿ. ಒಪ್ಪಿದೆವು, ನಮ್ಮ ಮನೆಯಲ್ಲೂ ಅದೇ ಪದ್ಧತಿ. ಆದರೆ ನಾವು ವಿಜಯದಶಮಿಯಂದು ಪುಸ್ತಕ ತೆಗೆದು ಓದುತ್ತೇವೆ. ತಮ್ಮಲ್ಲಿ ದಶಮಿ ಕಳೆದು ಎರಡು ವಾರವಾದರೂ ಬೀರು ತೆರೆದಿಲ್ಲ.

ಯಾಕೆಂದು ನಾಲ್ಕನೆಯ ಸಲ ಹೋದಾಗ ತಿಳಿಯಿತು. ತಮ್ಮ ಅಟೆಂಡರ್ ಚಾಮಯ್ಯ ಸುಳ್ಳು ಹೇಳಲು ಬಾರದ ಮನುಷ್ಯ. “ಅಮ್ಮಾವ್ರೆ, ಸಾಹೇಬ್ರೇ ಬುಕ್ಕ ನಡ್ಮದ್ಯೆ ತೆಗ್ದು ಅರಿಸ್ನ ಕುಂಕ್ಮ ಇಟ್ಟು, ತೀರ್ತ ಚಿಮುಕ್ಸಿ, ಒದ್ದೆ ಊವ ಮಡ್ಗಿ ಮುಚ್ಬುಟ್ರು. ಆಳೆ ಅಂಟ್ಕಂಡವೆ, ಮೆದೆ ಮೇಲೆಲ್ಲ ಕೆಂಪಿಳ್ದದೆ. ಯಾರ್ಗೂ ತೋರಿಸ್ಬ್ಯಾಡ ಅಂದವ್ರೆ” ಎಂದ. ನನಗೆ ಅಲ್ಲೇ ಅಳು ಬಂತು, ಬಸ್ಸು ಹತ್ತುವ ಹೊತ್ತಿಗೆ ಅದು ಸಿಟ್ಟಾಗಿತ್ತು. ಆದರೂ ತಮ್ಮನ್ನು ಅಭಿನಂದಿಸದೆ ಇರಲಾರೆ. ಓದುಗರ ಬೆರಳು ತಾಕೀತೆಂದು ಹೆದರಿ ವರ್ಷಗಟ್ಟಲೆ ಕಾಪಾಡಿದ ಪುಟಕ್ಕೆ ತಾವೇ ಸ್ವಹಸ್ತದಿಂದ ಕುಂಕುಮ ಹಚ್ಚಿ, ಮೊನೆಯಂಥ ಮೊನೆಗೂ ಹೊಳೆಯದಿದ್ದ ಬೆಳಕೊಂದನ್ನು ಅವನ ಮೆದೆಯ ಮೇಲೆ ಚೆಲ್ಲಿದ್ದೀರಿ.

ವಿಷಯ ಕೇಳಿ ಅಪ್ಪ ಮಾತ್ರ ನಕ್ಕರು. “ಒಳ್ಳೇದೇ ಆಯ್ತು ಬುಡವ್ವ. ಇನ್ನು ಕೂಡಿಡೋರ್ಗೆ ಅದು ಬ್ಯಾಡ. ಈಗ್ಲಾರ ನೋಡಕ್ ಕೊಡ್ತಾರೆ” ಎಂದರು.

ಆದ್ದರಿಂದ ಮಾನ್ಯರಲ್ಲಿ ಪ್ರಾರ್ಥನೆ ಏನೆಂದರೆ, ಬರುವ ಸೋಮವಾರ ಹತ್ತು ಗಂಟೆಗೆ ನಾವು ಬರುತ್ತೇವೆ, ದಯವಿಟ್ಟು ಬೀರು ತೆರೆಯಿರಿ. ಸಮಿತಿ ಸೇರದೆ ಅದು ಸಾಧ್ಯವಿಲ್ಲವೆಂದಾದರೆ, ಸಮಿತಿ ಸೇರುವ ತನಕ ಕಾಯಬೇಕೆಂದು ನನ್ನ ತಂದೆಯ ಕಣ್ಣಿಗೇ ಒಂದು ನೋಟಿಸು ಕಳಿಸಿ. ಪುಸ್ತಕ ಹೊರಗೆ ಬರಲೇಬಾರದು ಎಂದಾದರೆ, ಅಪ್ಪನನ್ನೇ ಒಂದು ಗಂಟೆ ಬೀರುವಿನೊಳಗೆ ಕೂರಿಸಿ ಹೊರಗಿನಿಂದ ಎರಡೂ ಬೀಗ ಹಾಕಿಕೊಳ್ಳಿ. ಅವರು ತೆಳ್ಳಗಿದ್ದಾರೆ, ಹಿಡಿಸುತ್ತಾರೆ. ಅಂಟಿದ ಹಾಳೆಗಳನ್ನು ಬಿಡಿಸಲು ಅವರಷ್ಟು ಮೆತ್ತಗಿನ ಕೈ ಈ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಇನ್ನೂ ಗಾಜಿನ ಹೊರಗೇ ನಿಂತಿರುವ,
ತಮ್ಮ ವಿಶ್ವಾಸಿ,
ಇಂದ್ರಾಣಿ, ಬನ್ನೂರು

ತಾ.ಕ.: ಬೀರುವಿಗೆ ತೂಗುಹಾಕಿರುವ ‘ಮುಟ್ಟಬಾರದು’ ಎಂಬ ಬೋರ್ಡಿನ ಅಕ್ಷರ ಬಹಳ ಮುದ್ದಾಗಿದೆ ಎಂದು ಬಂದವರೆಲ್ಲ ಹೊಗಳುತ್ತಾರಂತೆ. ಪುಸ್ತಕ ಒಪ್ಪಿಸಿದ ದಿನ, ಮೈನ್ ಸ್ವಿಚ್ಚಿಗೆ ಬೇಕೆಂದು ತಾವು ನನ್ನ ತಂದೆಯಿಂದಲೇ ಬರೆಸಿಕೊಂಡದ್ದು ಅದು. ಅವರು ಬರೆದ ಕೊನೆಯ ಬೋರ್ಡು. ಸೋಮವಾರ ಬರುವಾಗ ಥಿನ್ನರ್ ಬಾಟಲಿಯನ್ನೂ ಹಳೇ ಬಟ್ಟೆಯನ್ನೂ ತರುತ್ತಿದ್ದೇವೆ. ಯಾವ ಅಕ್ಷರ ಎಲ್ಲಿದೆ ಎಂಬುದು ಅವರ ಕೈಗೆ ಗೊತ್ತು. ಅಳಿಸುವುದಕ್ಕೆ ಕಣ್ಣು ಬೇಕಾಗಿಲ್ಲ.